ಎರಡು ಚೀಲ ಹೊಗೆ

ಹೇಮತ್ತೆ ಗಾಡಿಗೆ ಎರಡನೇ ಕೆಂಪು ಬಿದ್ದಾಗ ಆ ಸ್ಕ್ರೀನ್ ಮುಂದೆ ಕೂತಿದ್ದೋಳು ನಾನೇ. ಬೆಳಿಗ್ಗೆ ಏಳೂ ಹತ್ತು. ಗುಬ್ಬಿ ಗೇಟ್ ಹತ್ರ ಒಂದು ಹಸಿರು ಚುಕ್ಕಿ ಎರಡು ಸಲ ಮಿಟುಕಿ ಕೆಂಪಾಯ್ತು. ನಂಬರ್ ನೋಡೋ ಅಗತ್ಯನೇ ಇರ್ಲಿಲ್ಲ. ಆ ಹೊತ್ತಿಗೆ, ಆ ಗಲ್ಲಿಲಿ, ಮನೆಗೊಂದ್ಸಲ ನಿಂತು ನಿಂತು ಹೋಗೋ ಗಾಡಿ ತುಮಕೂರಲ್ಲಿ ಒಂದೇ ಇರೋದು. ಸೀಟಿನ ಹಿಂದೆ ತಟ್ಟೆ ಇಡ್ಲಿ ಬಾಕ್ಸ್ ಕಟ್ಟಿರೋ ಹಳೇ ನೀಲಿ ಸ್ಕೂಟರ್.

ನಾನಿರೋದು ಉಸಿರು ಕಚೇರಿ ಕಂಟ್ರೋಲ್ ರೂಮಲ್ಲಿ. ಗೋಡೆ ತುಂಬ ಊರಿನ ಮ್ಯಾಪು, ಒಂದೊಂದು ಗಾಡಿಗೂ ಒಂದೊಂದು ಚುಕ್ಕಿ. ಪ್ರತಿ ಗಾಡಿ ಸೈಲೆನ್ಸರ್ ತುದಿಲಿ ಈಚೆಗೆ ಅಕ್ಕಿಕಾಳಷ್ಟು ದೊಡ್ಡ ಒಂದು ಚಿಪ್ ಕೂರ್ಸಿದ್ದಾರೆ. ಜನ ಅದನ್ನ ಮೂಗು ಅಂತಾರೆ. ಗಾಡಿ ಸ್ಟಾರ್ಟ್ ಆದ ತಕ್ಷಣ ಮೂಗು ಹೊಗೆ ಮೂಸಿ, ಅದ್ರಲ್ಲಿ ವಿಷ ಶೇಕಡ ಎಷ್ಟಿದೆ ಅಂತ ನಮ್ಗೆ ಕಳ್ಸುತ್ತೆ. ಕಾನೂನು ಹಾಕಿರೋ ಗೆರೆನ ವಾರದಲ್ಲಿ ಇನ್ನೂರು ಸಲ ದಾಟಿದ್ರೆ ಒಂದು ಕೆಂಪು. ಮೂರು ಕೆಂಪು ಬಿದ್ರೆ ಅಧಿಕಾರಿ ಹೆಬ್ಬೆಟ್ಟು ಒತ್ತಿ ಗಾಡಿ ಲಾಕ್ ಮಾಡ್ತಾರೆ. ಒಂದೊಂದು ಗಾಡಿಗೂ ಬೇರೆ ಬೇರೆ ಒತ್ಬೇಕು, ಅದು ಕಾನೂನು. ಲಾಕ್ ಆದ ಗಾಡಿ ಹದಿನೈದು ದಿನ ನಮ್ಮ ಕಚೇರಿ ಹಿಂದಿನ ಅಂಗಳದಲ್ಲಿ ನಿಂತಿರುತ್ತೆ. ಹದಿನೈದನೇ ದಿನ ಕ್ರಷರ್ ಬಾಯಿಗೆ.

ಬ್ಯಾಟರಿ ಗಾಡಿ ಇಲ್ವಾ ಅಂತ ಕೇಳ್ಬೇಡಿ. ಲಿಥಿಯಂ ಬರ ಬಂದ ಮೇಲೆ ಬ್ಯಾಟರಿ ಎಲ್ಲ ಬಸ್ಸಿಗೂ ಆಂಬ್ಯುಲೆನ್ಸ್‌ಗೂ ಮೀಸಲು. ಉಳ್ದೋರೆಲ್ಲ ಕಬ್ಬಿನ ಸ್ಪಿರಿಟ್ ಬೆರ್ಸಿದ ಪೆಟ್ರೋಲಲ್ಲೇ ಓಡ್ಬೇಕು. ಮುಂಚೆ ಕಾರಿಗೊಂದು ಗೆರೆ ಇತ್ತು, ಸ್ಕೂಟರ್ ಬೈಕಿಗೊಂದು ಸ್ವಲ್ಪ ಸಡಿಲ ಗೆರೆ ಇತ್ತು. ಎರಡು ವರ್ಷದ ಹಿಂದೆ, 2039ರಲ್ಲಿ, ‘ಎಲ್ಲರಿಗೂ ಒಂದೇ ಗೆರೆ’ ಅಂತ ಹೊಸ ನಿಯಮ ಬಂತು. ಕೇಳೋಕೆ ಎಷ್ಟು ಚೆನ್ನಾಗಿದೆ ನೋಡಿ. ಕಾಲೇಜಲ್ಲಿ ನಾನೂ ಚಪ್ಪಾಳೆ ತಟ್ಟಿದ್ದೆ. ಬರೀ ಚಪ್ಪಾಳೆ ಅಲ್ಲ. ಮೂಗು ಯಾವಾಗ ಮೂಸ್ಬೇಕು ಅನ್ನೋ ಲೆಕ್ಕ ನನ್ನ ಪ್ರಾಜೆಕ್ಟು. ‘ಸ್ಟಾರ್ಟ್ ಆದ ಮೊದಲ ತೊಂಬತ್ತು ಸೆಕೆಂಡ್’ ಅಂತ ಬರೆದು ಬಹುಮಾನ ತಗೊಂಡೋಳು ನಾನು, ಇಂಚರ. ಅದಕ್ಕೇ ಈ ಕೆಲ್ಸ ಸಿಕ್ಕಿದ್ದು.

ಅತ್ತೆಗೆ ಇದು ಗೊತ್ತಿರ್ಲಿಲ್ಲ.

ಹೇಮತ್ತೆ ನಮ್ಮಪ್ಪನ ತಂಗಿ. ಕಾಲೇಜು ಸೇರಿದಾಗಿಂದ ಕ್ಯಾತ್ಸಂದ್ರದಲ್ಲಿ ಅವಳ ಮನೇಲೇ ಇದೀನಿ. ಅವತ್ತು ಸಾಯಂಕಾಲ ಮನೆಗೆ ಹೋದಾಗ ಅಂಗಳದಲ್ಲಿ ಬಾಕ್ಸ್ ಬೋರಲು ಹಾಕಿ ಉಜ್ತಾ ಇದ್ಲು.

“ಬಂದ್ರಾ ಮೇಡಂ. ನಿಮ್ಮ ಆಫೀಸಿಂದ ನನಗೆ ಪ್ರೇಮಪತ್ರ ಬಂದಿದೆ, ಓದಿದ್ರಾ?” ಅಂತ ಮೊಬೈಲ್ ತೋರ್ಸಿದ್ಲು. ಎರಡನೇ ಎಚ್ಚರಿಕೆ.

“ಅತ್ತೆ, ದಿನಕ್ಕೆ ಎಷ್ಟು ಸಲ ಗಾಡಿ ಸ್ಟಾರ್ಟ್ ಮಾಡ್ತೀಯ?”

“ನಲವತ್ತೆರಡು ಮನೆ. ನಲವತ್ತೆರಡು ಸಲ.”

“ಆಫ್ ಮಾಡ್ದೆ ಹೋಗೋಕಾಗಲ್ವಾ?”

“ಯಾಕೆ ಕಣೆ? ನಿಂತಲ್ಲೇ ಸುಮ್ನೆ ಪೆಟ್ರೋಲ್ ಸುಟ್ಟು, ಇಡ್ಲಿ ತಗೊಳ್ಳೋಕೆ ಬಂದ ಮಗು ಮುಖಕ್ಕೆ ಹೊಗೆ ಬಿಡ್ಲಾ? ಆಫ್ ಮಾಡಿದ್ದಕ್ಕೆ ದಂಡನಾ ನಿಮ್ಮಲ್ಲಿ?”

ಅಷ್ಟರಲ್ಲಿ ಜಬಿ ಅಣ್ಣ ಬಂದ್ರು. ಜಬೀವುಲ್ಲಾ, ಬಟವಾಡಿಲಿ ಗ್ಯಾರೇಜು, ಅತ್ತೆ ಗಾಡಿನ ಇಪ್ಪತ್ತು ವರ್ಷದಿಂದ ಅವರೇ ನೋಡ್ಕೊಳ್ಳೋದು. ಸೈಲೆನ್ಸರ್ ಬಗ್ಗಿ ನೋಡಿ ನಕ್ರು.

“ಅಕ್ಕ, ಗಾಡಿಲಿ ಏನೂ ತೊಂದ್ರೆ ಇಲ್ಲ. ಹಳೇ ಕಾಲದಲ್ಲಿ ಎಮಿಷನ್ ಟೆಸ್ಟ್‌ಗೆ ಬಂದೋರಿಗೆ ನಾವು ಏನು ಹೇಳ್ತಿದ್ವಿ ಗೊತ್ತಾ? ಒಂದು ರೌಂಡ್ ಹೊಡ್ದು ಬಿಸಿ ಮಾಡ್ಕೊಂಡ್ ಬನ್ನಿ, ಆಮೇಲೆ ಪೈಪ್ ಹಾಕೋಣ ಅಂತ. ತಣ್ಣಗಿರೋ ಗಾಡಿ ಯಾವತ್ತೂ ಪಾಸಾಗಲ್ಲ. ಬಿಸಿ ಗಾಡಿ ಯಾವತ್ತೂ ಫೇಲಾಗಲ್ಲ.”

ತಪ್ಪು ಎಲ್ಲಾಗಿದೆ ಅಂತ ಆಗ ನಂಗೆ ಹೊಳೀತು. ಸೈಲೆನ್ಸರ್ ಒಳಗೆ ಜೇನುಗೂಡಿನ ಥರ ತೂತು ತೂತಾಗಿರೋ ಒಂದು ತುಂಡು ಇರುತ್ತೆ. ವಿಷನ ಸುಟ್ಟು ಶುದ್ಧ ಮಾಡೋದು ಅದೇ. ಆದ್ರೆ ಮುನ್ನೂರು ಡಿಗ್ರಿ ಬಿಸಿ ಆಗೋ ತನಕ ಅದು ಕೆಲ್ಸನೇ ಮಾಡಲ್ಲ. ನಾನು ಲ್ಯಾಬಲ್ಲಿ ಟೆಸ್ಟ್ ಮಾಡಿದ ಗಾಡಿಗಳೆಲ್ಲ ದಿನಕ್ಕೆ ಎರಡು ಸಲ ಸ್ಟಾರ್ಟ್ ಆಗ್ತಿದ್ವು. ಮನೆಯಿಂದ ಆಫೀಸಿಗೆ, ಆಫೀಸಿಂದ ಮನೆಗೆ. ನಲವತ್ತೆರಡು ಸಲ ನಿಂತು, ನಲವತ್ತೆರಡು ಸಲ ತಣ್ಣಗಾಗಿ, ನಲವತ್ತೆರಡು ಸಲ ಮೂಗಿಗೆ ಸಿಗೋ ಗಾಡಿ ಒಂದಿರುತ್ತೆ ಅಂತ ನನ್ನ ತಲೆಗೇ ಬಂದಿರ್ಲಿಲ್ಲ. ಆ ಗಾಡಿ ಇಡ್ಲಿ ತಿಂದ್ಕೊಂಡೇ ಆ ಲೆಕ್ಕ ಬರ್ದಿದ್ದೆ ಅನ್ನೋದು ಇನ್ನೊಂದು ಮಾತು.

“ಅತ್ತೆ, ಆ ತೊಂಬತ್ತು ಸೆಕೆಂಡ್ ಇದ್ಯಲ್ಲ, ಅದು ಬರ್ದಿದ್ದು ನಾನು” ಅಂದೆ.

ಅತ್ತೆ ಉಜ್ಜೋದು ನಿಲ್ಸಿದ್ಲು. ಜಬಿ ಅಣ್ಣ ಆಕಾಶ ನೋಡಿದ್ರು.

“ಹಂಗಾದ್ರೆ ಅಳ್ಸೋಳೂ ನೀನೇ” ಅಂದ್ಲು ಅತ್ತೆ. ಅಷ್ಟೇ. ಮತ್ತೆ ಉಜ್ಜೋಕೆ ಶುರು ಮಾಡಿದ್ಲು.

ಮಾರನೇ ದಿನ ಪಾಲಾಕ್ಷ ಸರ್ ಮುಂದೆ ಕೂತೆ. ನಮ್ಮ ಕಚೇರಿಗೆ ಅವರೇ ಮುಖ್ಯಸ್ಥರು. ಕೆಟ್ಟೋರಲ್ಲ. ಪ್ರತಿ ಕೆಂಪನ್ನೂ ಕೈಯಾರೆ ಪರೀಕ್ಷೆ ಮಾಡಿ ಒತ್ತೋ ಮನುಷ್ಯ. ನಾನು ಅಂಕಿ ಎಲ್ಲ ತೋರ್ಸಿದೆ. ಮೂರು ಕೆಂಪು ಬಿದ್ದ ಗಾಡಿಗಳಲ್ಲಿ ನೂರಕ್ಕೆ ತೊಂಬತ್ತಾರು ದ್ವಿಚಕ್ರ. ಅದ್ರಲ್ಲೂ ಮುಕ್ಕಾಲು ಪಾಲು ಹೂವಿನೋರು, ಕೊರಿಯರ್‌ನೋರು, ಮನೆ ಮನೆಗೆ ಹೋಗೋ ನರ್ಸ್‌ಗಳು. ಕಾರು ಹೆಚ್ಚುಕಮ್ಮಿ ಇಲ್ವೇ ಇಲ್ಲ.

“ಹಂಗಾದ್ರೆ ಕಾರುಗಳು ಶುದ್ಧ ಅಂತಾಯ್ತಲ್ಲಮ್ಮ” ಅಂದ್ರು.

“ಇಲ್ಲ ಸರ್. ಕಾರು ದಿನಕ್ಕೆ ಎರಡೇ ಸಲ ಮೂಗಿಗೆ ಸಿಗುತ್ತೆ. ಇನ್ನೊಂದು, ನಾವು ನೋಡೋದು ಶೇಕಡ. ಒಟ್ಟು ಎಷ್ಟು ಹೊಗೆ ಬಿಡ್ತು ಅಂತ ನೋಡೋದೇ ಇಲ್ಲ.”

“ಶೇಕಡ ಎಲ್ಲರಿಗೂ ಒಂದೇ ತಾನೆ? ಒಂದೇ ಗೆರೆ. ಇದಕ್ಕಿಂತ ನ್ಯಾಯ ಯಾವ್ದಿದೆ?” ಕನ್ನಡಕ ತೆಗ್ದು ನನ್ನೇ ನೋಡಿದ್ರು. “ಆ ತೊಂಬತ್ತು ಸೆಕೆಂಡ್ ನಿಂದೇ ಅಲ್ವಾ? ನಿನ್ನ ಪ್ರಾಜೆಕ್ಟನ್ನ ನೀನೇ ತಪ್ಪು ಅಂದ್ರೆ ಈ ಕುರ್ಚಿಲಿ ನಿನ್ನ ಯಾಕೆ ಕೂರ್ಸ್ಬೇಕು?”

ಮಧ್ಯಾಹ್ನ ಜಬಿ ಅಣ್ಣನ ಗ್ಯಾರೇಜಿಗೆ ಹೋದೆ. ಅಲ್ಲಾಗ್ಲೇ ಅತ್ತೆ ಕೂತಿದ್ಲು, ಅವಳ ಗಾಡಿಯಂಥದ್ದೇ ಒಂದು ಗುಜರಿ ಗಾಡಿದು ಮೂಗಿಲ್ಲದ ಸೈಲೆನ್ಸರ್ ಬಿಚ್ಚಿ ನೆಲದ ಮೇಲಿತ್ತು. ಸೈಲೆನ್ಸರ್ ಬಿಸಿ ಆರ್ದೇ ಇದ್ರೆ ಜೇನುಗೂಡು ನಲವತ್ತೆರಡು ಮನೆನೂ ಕೆಲ್ಸ ಮಾಡುತ್ತೆ. ಅದಕ್ಕೆ ಅಂತ ಜಬಿ ಅಣ್ಣ ಯಾವ್ದೋ ಹಳೇ ಬೇಕರಿ ಓವನ್ನಿಂದ ಗಾಜಿನ ಹತ್ತಿ ತಂದು, ತಂತಿಲಿ ಬಿಗಿಯಾಗಿ ಸುತ್ತಿದ್ರು. ಗುಜರಿ ಗಾಡಿಗೇ ಹಾಕಿ ಕಾಯ್ಸಿ, ಆಫ್ ಮಾಡಿ, ಅತ್ತೆ ಒಂದು ಮನೇಲಿ ಹೆಚ್ಚಂದ್ರೆ ನಿಲ್ಲೋಷ್ಟು ಹೊತ್ತು, ಎಂಟು ನಿಮಿಷ, ಬಿಟ್ಟು ಥರ್ಮಾಮೀಟರ್ ಇಟ್ವಿ. ನೂರ ತೊಂಬತ್ತು. ಸಾಲಲ್ಲ. ಇನ್ನೊಂದು ಸುತ್ತು ಹಾಕಿ ಇನ್ನೂ ಬಿಗಿ ಮಾಡಿದ್ರು. ನೂರ ಎಂಬತ್ತೈದು.

“ಇನ್ನೂ ಕಮ್ಮಿ ಆಯ್ತಲ್ಲ” ಅಂತ ತಲೆ ಕೆರ್ಕೊಂಡ್ರು.

ಅತ್ತೆಗೆ ತಡ್ಕೊಳ್ಳೋಕಾಗ್ಲಿಲ್ಲ. “ಏಯ್ ಜಬಿ, ಅದೇನು ಮುರಿದ ಕಾಲಿಗೆ ಪಟ್ಟಿ ಕಟ್ದಂಗೆ ಕಟ್ತಿದ್ಯ? ಬಾಕ್ಸಲ್ಲಿ ಇಡ್ಲಿ ಹೆಂಗೆ ಇಡ್ತೀನಿ ನೋಡಿದ್ಯಾ? ಬಟ್ಟೆ ಅದುಮಿದ್ರೆ ಬಿಸಿ ಓಡೋಗುತ್ತೆ ಕಣೋ. ಸಡಿಲ ಬಿಡ್ಬೇಕು. ಬಟ್ಟೆ, ಗಾಳಿ, ಬಟ್ಟೆ, ಗಾಳಿ, ಮೇಲೊಂದು ಮುಚ್ಚಳ.”

ಬಿಸಿ ಹಿಡ್ದಿಡೋದು ಬಟ್ಟೆ ಅಲ್ಲ, ಮಧ್ಯೆ ಸಿಕ್ಕಾಕೊಂಡಿರೋ ಗಾಳಿ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನಂಗೆ ಗೊತ್ತಿರ್ಬೇಕಿತ್ತು. ಅತ್ತೆ ತಾನೇ ಕೂತು ಹತ್ತಿನ ಬಿಡ್ಸಿ, ಸಡಿಲವಾಗಿ ಒಂದು ಸುತ್ತು ಹಾಕಿ, ಸಂದು ಬಿಟ್ಟು, ಮತ್ತೊಂದು ಸುತ್ತು ಹಾಕಿದ್ಲು. ಮೇಲೆ ಐದು ಲೀಟರ್ ಎಣ್ಣೆ ಡಬ್ಬ ಕತ್ತರ್ಸಿ ಕವಚ. ಎಂಟು ನಿಮಿಷ ಬಿಟ್ಟು ನೋಡಿದ್ರೆ ಮುನ್ನೂರ ಹನ್ನೆರಡು. ನಾನು ಮೂರು ಸಲ ಅಳ್ದೆ. ಮೂರು ಸಲನೂ ಮುನ್ನೂರರ ಮೇಲೆ. ಡಬ್ಬದ ಮೇಲೆ ‘ಶುದ್ಧ ಕಡ್ಲೆಕಾಯಿ ಎಣ್ಣೆ’ ಅಂತ ಹಾಗೇ ಓದ್ಬಹುದಿತ್ತು.

“ಒಂದು ತೊಂದ್ರೆ ಇದೆ ಅತ್ತೆ” ಅಂದೆ. “ಮೂಗಿನ ಹತ್ರ ಲೋಹ ಏನೇ ಸೇರ್ಸಿದ್ರೂ ಅದು ಕಿತಾಪತಿ ಅಂತ ಲೆಕ್ಕ. ನೇರವಾಗಿ ಮೂರನೇ ಕೆಂಪು.”

“ಹಾಕ್ದೇ ಇದ್ರೆ?”

“ಹಾಕ್ದೇ ಇದ್ರೂ ಇನ್ನೊಂದು ವಾರದಲ್ಲಿ ಮೂರನೇದು ಬೀಳುತ್ತೆ.”

ಅತ್ತೆ ಡಬ್ಬದ ಅಂಚನ್ನ ಸುತ್ತಿಗೇಲಿ ಮಡಿಸ್ತಾ ಇದ್ಲು. “ಹಂಗೂ ಹೋಗುತ್ತೆ, ಹಿಂಗೂ ಹೋಗುತ್ತೆ. ಹೋಗೋದಾದ್ರೆ ಎಲ್ಲರ ಮುಂದೆ ಹೋಗ್ಲಿ.”

ಗುರುವಾರ ಅಹವಾಲು ದಿನ. ಕಚೇರಿ ಹಿಂದಿನ ಅಂಗಳದಲ್ಲಿ ಮೇಜು ಹಾಕಿ ಪಾಲಾಕ್ಷ ಸರ್ ಕೂರ್ತಾರೆ. ಒಂದು ಮೂಲೇಲಿ ಕ್ರಷರ್, ಅದರ ಪಕ್ಕ ಲಾಕಾದ ಗಾಡಿಗಳ ಸಾಲು. ಅವತ್ತು ಎಪ್ಪತ್ತು ಎಂಬತ್ತು ಜನ ಬಂದಿದ್ರು, ಎಲ್ಲ ಸ್ಕೂಟರ್ ಬೈಕಿನೋರೇ. ಅತ್ತೆ ಡಬ್ಬ ಒಂದು ಚೀಲದಲ್ಲಿ ಹಾಕ್ಕೊಂಡು, ಗಾಡಿನ ಆಟೋ ಹಿಂದೆ ಹಗ್ಗ ಕಟ್ಟಿ ಎಳ್ಸ್ಕೊಂಡು ಬಂದಿದ್ಲು, ಸೈಲೆನ್ಸರ್ ತಣ್ಣಗಿರ್ಲಿ ಅಂತ. ಜಬಿ ಅಣ್ಣನ ಕೈಲಿ ಶಾಮಿಯಾನದೋರು ಮಳೆಗೆ ಹೊದಿಸೋ ಪ್ಲಾಸ್ಟಿಕ್ಕಲ್ಲಿ ಅಂಟ್ಸಿದ ಎರಡು ದೊಡ್ಡ ಚೀಲ.

ಅತ್ತೆ ಸರದಿ ಬಂತು.

“ಸ್ವಾಮಿ, ನನ್ನ ಗಾಡಿ ಹೊಗೆ ಬಿಡಲ್ಲ ಅಂತ ನಾನು ಹೇಳಲ್ಲ. ಬಿಡುತ್ತೆ. ನಿಮ್ಮ ಕಾರೂ ಬಿಡುತ್ತೆ. ಅಳೆಯೋದಾದ್ರೆ ಇಬ್ಬರನ್ನೂ ಅಳೀರಿ ಅಂತ ಕೇಳೋಕೆ ಬಂದೆ.”

“ಅಳ್ದಿದೀವಲ್ಲಮ್ಮ. ನಿಮ್ಮದು ಶೇಕಡ ಎರಡು, ನಂದು ಅರ್ಧದ ಆಸುಪಾಸು.”

“ನಾನು ಒಂದು ಲೋಟ ಸಾಂಬಾರಿಗೆ ಒಂದು ಚಮಚ ಉಪ್ಪು ಹಾಕ್ದೆ ಅಂದ್ಕೊಳ್ಳಿ. ಬಾಯಿಗಿಟ್ರೆ ಉಪ್ಪೋ ಉಪ್ಪು. ನೀವು ಮದುವೆ ಕೊಪ್ಪರಿಗೆಗೆ ಎರಡು ಹಿಡಿ ಹಾಕಿದ್ರಿ, ರುಚಿಗೆ ಸರಿಯಾಯ್ತು. ಅಂಗಡಿಯಿಂದ ಯಾರು ಜಾಸ್ತಿ ಉಪ್ಪು ತಂದ್ರು?”

ಹಿಂದಿಂದ ಯಾರೋ ಕಿಸಕ್ಕಂತ ನಕ್ರು. ಪಾಲಾಕ್ಷ ಸರ್ ಜೇಬಿಂದ ಕಾರಿನ ಕೀ ತೆಗ್ದು ಮೇಜಿನ ಮೇಲಿಟ್ರು. “ಆಯ್ತು, ತೋರ್ಸಿ.”

ಕಾರು ಬೆಳಿಗ್ಗೆ ಒಂಬತ್ತರಿಂದ ನೆರಳಲ್ಲಿ ನಿಂತಿತ್ತು. ಜಬಿ ಅಣ್ಣ ಸೈಲೆನ್ಸರ್ ಮೇಲೆ ಅಂಗೈ ಇಟ್ಟು “ತಣ್ಣಗಿದೆ, ಮೋಸ ಇಲ್ಲ” ಅಂದ್ರು. ಅತ್ತೆ ಗಾಡಿದೂ ಮುಟ್ಟಿ ತೋರ್ಸಿದ್ರು. ಎರಡಕ್ಕೂ ಚೀಲ ಕಟ್ಟಿ ಒಟ್ಟಿಗೆ ಸ್ಟಾರ್ಟ್. ತೊಂಬತ್ತು ಸೆಕೆಂಡ್. ಗಡಿಯಾರ ನನ್ನ ಕೈಲಿ.

ಸ್ಕೂಟರ್ ಚೀಲ ಮಂಡಕ್ಕಿ ಮೂಟೆಯಷ್ಟು ಉಬ್ಬಿ ನಿಂತ್ಕೊಳ್ತು. ಕಾರಿನ ಚೀಲ ಉಬ್ತಾನೇ ಇತ್ತು. ಮೊದ್ಲು ಎಮ್ಮೆ ಕರು ಆಯ್ತು, ಆಮೇಲೆ ಎಮ್ಮೆ ಆಯ್ತು. ಹಿಂದಿದ್ದ ಜನ ಮುಂದೆ ಬಂದು ಸುತ್ತ ನಿಂತ್ರು.

ನಾನು ಮೀಟರ್ ಹಾಕಿ ಜೋರಾಗಿ ಓದ್ದೆ. “ಕಾರ್ಬನ್ ಮೊನಾಕ್ಸೈಡ್. ಸ್ಕೂಟರ್ ಶೇಕಡ ಎರಡು, ಚೀಲದಲ್ಲಿರೋ ಹೊಗೆ ಐವತ್ತು ಲೀಟರ್. ವಿಷ ಒಂದು ಲೀಟರ್. ಕಾರು ಶೇಕಡ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಹೊಗೆ ಇನ್ನೂರೈವತ್ತು ಲೀಟರ್. ವಿಷ ಒಂದೂವರೆ ಲೀಟರ್.”

ಗದ್ದಲ ಶುರುವಾಯ್ತು. “ಇರಿ” ಅಂದೆ. “ಇನ್ನೊಂದಿದೆ, ಅದನ್ನೂ ಓದ್ಬೇಕು. ಸುಡದೇ ಹೊರಗೆ ಬಂದ ಪೆಟ್ರೋಲು. ಇದ್ರಲ್ಲಿ ಸ್ಕೂಟರ್ರೇ ಜಾಸ್ತಿ. ಸಣ್ಣ ಚೀಲ, ಆದ್ರೂ ಜಾಸ್ತಿ.”

“ನೋಡಿದ್ರಾ” ಅಂದ್ರು ಪಾಲಾಕ್ಷ ಸರ್.

“ನೋಡ್ದೆ” ಅಂದ್ಲು ಅತ್ತೆ. “ಅದಕ್ಕೇ ಇದನ್ನ ತಂದಿದೀನಿ.” ಚೀಲದಿಂದ ಎಣ್ಣೆ ಡಬ್ಬ ತೆಗ್ದು ಸೈಲೆನ್ಸರ್‌ಗೆ ಹಾಕಿ, ಎರಡು ಕೊಕ್ಕೆ ಎಳ್ದು ಕೂರ್ಸಿದ್ಲು.

“ಅಮ್ಮ, ಅದನ್ನ ಹಾಕಿ ಸ್ಟಾರ್ಟ್ ಮಾಡಿದ್ರೆ ಮೂರನೇ ಕೆಂಪು. ಆಮೇಲೆ ನನ್ನ ಕೈಲಿ ಏನೂ ಇಲ್ಲ.” ಅವರ ದನಿಲಿ ಬೆದರಿಕೆ ಇರ್ಲಿಲ್ಲ, ನಿಜವಾಗ್ಲೂ ಬೇಡ ಅಂತಿದ್ರು.

ಅತ್ತೆ ಸ್ಟಾರ್ಟ್ ಮಾಡಿದ್ಲು. ಅಂಗಳದಲ್ಲೇ ಐದಾರು ಸುತ್ತು ಹೊಡ್ದು, ಚೆನ್ನಾಗಿ ಕಾದ ಮೇಲೆ ಆಫ್ ಮಾಡಿ ಎಂಟು ನಿಮಿಷ ಕಾದ್ಲು, ಒಂದು ಮನೆ ಬಾಗಿಲಲ್ಲಿ ಕಾಯೋ ಹಂಗೆ, ಸೆರಗಲ್ಲಿ ಗಾಳಿ ಹಾಕ್ಕೊಂಡು. ಅದೇ ಚೀಲ ಖಾಲಿ ಮಾಡಿ ಮತ್ತೆ ಕಟ್ಟಿ ಸ್ಟಾರ್ಟ್. ತೊಂಬತ್ತು ಸೆಕೆಂಡ್. ನಾನು ಮೀಟರ್ ಹಾಕಿದ್ರೆ ಮುಳ್ಳು ಏಳೋದೇ ಇಲ್ಲ. ಎರಡೂ ವಿಷ ಹತ್ತರಲ್ಲಿ ಒಂದು ಭಾಗಕ್ಕೆ ಇಳ್ದಿತ್ತು. ಸುಡದ ಪೆಟ್ರೋಲೂ ಕಾರಿಗಿಂತ ಕೆಳಗೆ.

ಅಷ್ಟರಲ್ಲಾಗ್ಲೇ ಪಾಲಾಕ್ಷ ಸರ್ ಮೇಜಿನ ಮೇಲಿದ್ದ ಸ್ಕ್ರೀನಲ್ಲಿ ನೀಲಿ ಸ್ಕೂಟರಿನ ಚುಕ್ಕಿ ಕೆಂಪಾಗಿತ್ತು. ಕಿತಾಪತಿ. ಮೂರನೇದು.

ಆಗ ನಾನು ಮಾತಾಡ್ಬೇಕಾಯ್ತು. “ಸರ್, ಎಲ್ಲರ ಮುಂದೆ ಹೇಳ್ತಿದೀನಿ, ಬರ್ದೂ ಕೊಡ್ತೀನಿ. ತೊಂಬತ್ತು ಸೆಕೆಂಡ್ ಲೆಕ್ಕ ನಂದು. ನಿಂತು ನಿಂತು ಹೋಗೋ ಗಾಡಿನ ನಾನು ಯೋಚ್ನೆನೇ ಮಾಡಿರ್ಲಿಲ್ಲ. ಲೆಕ್ಕ ತಪ್ಪು. ಈ ಕೆಂಪುಗಳೂ ತಪ್ಪು.”

ಪಾಲಾಕ್ಷ ಸರ್ ನನ್ನ ಕತ್ತಲ್ಲಿದ್ದ ಕಾರ್ಡಿಗೆ ಕೈ ಚಾಚಿದ್ರು. ಬಿಚ್ಚಿ ಕೊಟ್ಟೆ. ಆಮೇಲೆ ಅವರು ಸ್ಕ್ರೀನ್ ಮೇಲೆ ಹೆಬ್ಬೆಟ್ಟು ಇಟ್ರು. ಅತ್ತೆ ಗಾಡಿ ಒಳಗೆ ‘ಟಕ್’ ಅಂತ ಸಣ್ಣ ಶಬ್ದ ಬಂತು. ಲಾಕ್.

ಅತ್ತೆ ಬಾಕ್ಸ್ ಬಿಚ್ಚಿ ತಲೆ ಮೇಲಿಟ್ಕೊಂಡು ಗೇಟಿನ ಕಡೆ ನಡೆದ್ಲು. ನಾನು ಹಿಂದೆ. ಬಸ್ ಸ್ಟಾಪ್ ತಲುಪಿದ್ವಿ.

“ಅಳ್ಸ್ದೆ ಅತ್ತೆ” ಅಂದೆ.

“ಕಾಣ್ತು” ಅಂದ್ಲು. “ನಾಳೆಯಿಂದ ಚಟ್ನಿ ರುಬ್ಬೋಕೆ ಜನ ಸಿಕ್ಕಂಗಾಯ್ತು.”

ಮಾರನೇ ದಿನ ಬೆಳಿಗ್ಗೆ ಮನೆ ಮುಂದೆ ಒಂದು ಬೈಕ್ ನಿಂತಿತ್ತು. ಅಹವಾಲಿಗೆ ಬಂದಿದ್ದ ನರ್ಸು, ಸುಹಾಸಿನಿ ಅಂತ. “ಅಕ್ಕ, ನಾನು ಗುಬ್ಬಿ ಗೇಟ್ ಕಡೆನೇ ಹೋಗೋದು, ಬಾಕ್ಸ್ ಕೊಡಿ. ಆಮೇಲೆ ಆ ಡಬ್ಬ ಎಲ್ಲಿ ಕಟ್ತಾರೆ ಹೇಳಿ.”

“ಕಟ್ಟಿದ್ರೆ ಕೆಂಪು ಬೀಳುತ್ತೆ ಕಣಮ್ಮ” ಅಂದ್ಲು ಅತ್ತೆ.

“ಬೀಳ್ಲಿ. ನಂಗೆ ಹೆಂಗಿದ್ರೂ ಎರಡಾಗಿದೆ.”

ಅವತ್ತು ಜಬಿ ಅಣ್ಣನ ಗ್ಯಾರೇಜಲ್ಲಿ ಹನ್ನೊಂದು ಗಾಡಿಗೆ ಡಬ್ಬ ಬಿತ್ತು. ಮಾರನೇ ದಿನ ಅರವತ್ತು. ಆಮೇಲೆ ಬೇರೆ ಗ್ಯಾರೇಜಿನೋರು ಕಲ್ಯೋಕೆ ಬಂದ್ರು. ಅತ್ತೆ ಸ್ಟೂಲ್ ಹಾಕ್ಕೊಂಡು ಕೂತು “ಅದುಮ್ಬೇಡ, ಸಡಿಲ ಬಿಡು” ಅಂತ ಎಲ್ಲರಿಗೂ ಬೈತಾ ಇದ್ಲು. ನಾನು ಒಂದೊಂದು ಗಾಡಿಗೂ ಥರ್ಮಾಮೀಟರ್ ಇಟ್ಟು ಬರ್ಕೊಳ್ತಿದ್ದೆ. ಮುನ್ನೂರು ಬರ್ದೇ ಇದ್ರೆ ಬಿಚ್ಚಿ ಮತ್ತೆ ಕಟ್ಸ್ತಿದ್ದೆ. ಹೋಟೆಲ್‌ಗಳಲ್ಲಿ ಖಾಲಿ ಎಣ್ಣೆ ಡಬ್ಬ ಸಿಗೋದು ನಿಂತೋಯ್ತು. ಕಡ್ಲೆಕಾಯಿ, ಸೂರ್ಯಕಾಂತಿ, ವನಸ್ಪತಿ, ಎಲ್ಲ ಬಿ.ಎಚ್. ರೋಡಲ್ಲಿ ಸಾಲಾಗಿ ಓಡಾಡ್ತಿದ್ವು. ಎಲ್ಲರಿಗೂ ಗೊತ್ತಿತ್ತು ಕೆಂಪು ಬೀಳುತ್ತೆ ಅಂತ. ಗೊತ್ತಿದ್ದೇ ಕಟ್ಸ್ಕೊಂಡ್ರು.

ಹದಿನೈದನೇ ದಿನ ಬೆಳಿಗ್ಗೆ ಅತ್ತೆ ನಾನೂ ಬಸ್ಸಲ್ಲಿ ಉಸಿರು ಕಚೇರಿಗೆ ಹೋದ್ವಿ. ಗಾಡಿನ ಕೊನೇ ಸಲ ನೋಡ್ಬೇಕು ಅಂದಿದ್ಲು. ಕ್ರಷರ್ ಆಪರೇಟರ್ ಬೆಲ್ಟಿಗೆ ಎಣ್ಣೆ ಬಿಡ್ತಾ ಇದ್ದ. ಪಾಲಾಕ್ಷ ಸರ್ ಮೇಲಿನ ಕಿಟಕಿಯಿಂದ ಬಗ್ಗಿ “ಇಬ್ಬರೂ ಮೇಲೆ ಬನ್ನಿ” ಅಂದ್ರು.

ಕಂಟ್ರೋಲ್ ರೂಮಿನ ಗೋಡೆ ನೋಡಿ ನಾನು ಬಾಗಿಲಲ್ಲೇ ನಿಂತೆ. ಊರಿಗೆ ಊರೇ ಕೆಂಪು. ಬಟವಾಡಿ, ಗುಬ್ಬಿ ಗೇಟ್, ಅಂತರಸನಹಳ್ಳಿ ಮಾರ್ಕೆಟ್, ಎಲ್ಲ ಕಡೆ.

“ಒಂಬತ್ತು ಸಾವಿರದ ನಾನೂರು” ಅಂದ್ರು. “ಎಲ್ಲ ಕಿತಾಪತಿ ಕೆಂಪು. ಒಂದೊಂದಕ್ಕೂ ನಾನು ಹೆಬ್ಬೆಟ್ಟು ಒತ್ಬೇಕು. ಮೇಲಿನೋರು ದಿನಕ್ಕೆ ಹತ್ತು ಸಲ ಫೋನ್ ಮಾಡ್ತಾರೆ, ಯಾಕೆ ಒತ್ತಿಲ್ಲ ಅಂತ.”

“ಯಾಕೆ ಒತ್ತಿಲ್ಲ?” ಅಂದ್ಲು ಅತ್ತೆ.

ಅವರು ಪಕ್ಕದ ಸಣ್ಣ ಸ್ಕ್ರೀನ್ ನನ್ನ ಕಡೆ ತಿರುಗ್ಸಿದ್ರು. ರಸ್ತೆ ಗಾಳಿ ಅಳೆಯೋ ಕಂಬದ ಲೆಕ್ಕ, ಗುಬ್ಬಿ ಗೇಟ್, ಬೆಳಿಗ್ಗೆ ಏಳರಿಂದ ಒಂಬತ್ತು. ನಾನು ಎರಡು ಸಲ ಓದ್ದೆ. ಆ ಕಂಬ ನೆಟ್ಟಾಗಿಂದ ಅಷ್ಟು ಕಮ್ಮಿ ವಿಷ ಅದು ತೋರ್ಸಿದ್ದೇ ಇಲ್ಲ.

“ಒಂದು ದಿನ ಜೋರು ಗಾಳಿ ಬೀಸಿದ್ರೂ ಹಿಂಗಾಗುತ್ತೆ ಸರ್” ಅಂದೆ. ಸುಳ್ಳು ಹೇಳೋಕೆ ಅವತ್ತೂ ಮನಸಿರ್ಲಿಲ್ಲ.

“ಎಂಟು ದಿನದಿಂದ ಹಿಂಗೇ ಇದೆ. ಗಾಳಿ ಬೀಸಿದ ದಿನ, ಬೀಸದೇ ಇರೋ ದಿನ, ಎಲ್ಲ ನಾನೇ ಬೇರೆ ಬೇರೆ ಮಾಡಿ ನೋಡ್ದೆ.” ಗೋಡೆ ಕಡೆ ತಿರುಗಿದ್ರು. “ಗೋಡೆ ಪೂರ್ತಿ ಕೆಂಪು, ಊರಿನ ಗಾಳಿ ಮಾತ್ರ ಹಸಿರು. ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ. ಗಾಳಿ ಸುಳ್ಳು ಹೇಳಲ್ಲ.”

ಮೇಜಿನ ಮೇಲೆ ಒಂದು ವರದಿ ಇತ್ತು, ಅವರದೇ ಸಹಿ. ಶೇಕಡ ಬಿಟ್ಟು ಒಟ್ಟು ಅಳೀಬೇಕು, ಕಾರಿಗೂ ಚೀಲ ಕಟ್ಟಿ ಅಳೀಬೇಕು, ಬಿಸಿ ಕವಚನ ಕಿತಾಪತಿ ಪಟ್ಟಿಯಿಂದ ತೆಗೀಬೇಕು ಅಂತ. ಅದ್ರ ಪಕ್ಕ ನನ್ನ ಕಾರ್ಡ್. ತಗೋ ಅಂತಲೂ ಅನ್ಲಿಲ್ಲ, ಬೇಡ ಅಂತಲೂ ಅನ್ಲಿಲ್ಲ.

ನಾನು ಮುಟ್ಲಿಲ್ಲ. “ಆ ವರದಿ ಪಾಸಾಗ್ಲಿ ಸರ್, ಆಮೇಲೆ ಬರ್ತೀನಿ. ಅಲ್ಲಿ ತನಕ ಗ್ಯಾರೇಜಲ್ಲಿ ಕೆಲ್ಸ ಇದೆ.”

ಅವರು ತಲೆ ಆಡ್ಸಿ, ನೀಲಿ ಸ್ಕೂಟರಿನ ಚುಕ್ಕಿ ಮೇಲೆ ಹೆಬ್ಬೆಟ್ಟು ಇಟ್ಟು, ಲಾಕ್ ತೆಗ್ದ್ರು. “ಈ ಒಂದು ಒತ್ತಿದ್ದಕ್ಕೆ ನನ್ನ ಕುರ್ಚಿನೂ ಹೋಗ್ಬಹುದು” ಅಂದ್ರು.

“ಹೋದ್ರೆ ಬನ್ನಿ” ಅಂದ್ಲು ಅತ್ತೆ. “ಕಾರ್ ಬಿಟ್ಟು ಬನ್ನಿ. ಬಾಕ್ಸ್ ಹಿಡ್ಕೊಳ್ಳೋಕೆ ಹಿಂದೆ ಒಬ್ಬರು ಬೇಕಿತ್ತು.”

ಕೆಳಗೆ ಬಂದ್ವಿ. ಕ್ರಷರ್ ಆಪರೇಟರ್ ದೂರ ಸರ್ದು ನಿಂತ. ಅತ್ತೆ ಸೆರಗಲ್ಲಿ ಸೀಟಿನ ಧೂಳು ಒರ್ಸಿ, ಕೀ ತಿರುಗ್ಸಿದ್ಲು. ಒಂದೇ ಸಲಕ್ಕೆ ಹತ್ಕೊಳ್ತು. ಕಡ್ಲೆಕಾಯಿ ಎಣ್ಣೆ ಡಬ್ಬ ಗಡಗಡ ಅಂತ ಅಲುಗಾಡ್ತು. ನಾನು ಹಿಂದೆ ಹತ್ತೋಕೆ ಕಾಲೆತ್ತಿದ್ದೆ, ಅಷ್ಟರಲ್ಲಿ ಗೇಟಿನೋನು ಬೀಗದ ಕೀ ಹುಡುಕ್ತಾ ಒಳಗೆ ಹೋದ.

ಅತ್ತೆ ತಕ್ಷಣ ಗಾಡಿ ಆಫ್ ಮಾಡಿದ್ಲು.

“ಅವನು ಗೇಟ್ ತೆಗೀಲಿ” ಅಂದ್ಲು. “ಅಲ್ಲಿ ತನಕ ಸುಮ್ನೆ ಯಾಕೆ ಹೊಗೆ ಬಿಡೋದು.”